ಇಎಲ್34 ಆಂಪ್ಲಿಫೈಯರ್‌ಗೆ ಹೊಸ ವಾಲ್ವ್‌ಗಳು: ಹಣವನ್ನು ಎಲ್ಲಿ ಹಾಕಬೇಕು?

ಪ್ರಶ್ನೆ

ನನ್ನ ಪುಶ್-ಪುಲ್ (ಪ್ರತಿ ಚಾನೆಲ್‌ನಲ್ಲಿ ಎರಡು ಔಟ್‌ಪುಟ್ ವಾಲ್ವ್‌ಗಳು ಜೋಡಿಯಾಗಿ ದುಡಿಯುವ) ಸ್ಟೀರಿಯೊ ಆಂಪ್ಲಿಫೈಯರ್‌ನಲ್ಲಿ ಸ್ಪೀಕರ್‌ಗೆ ಶಕ್ತಿ ಕೊಡುವ ನಾಲ್ಕು ಇಎಲ್34, ಅವುಗಳ ಹಿಂದಿನ ಹಂತಗಳ ಸಣ್ಣವಾದ ಎರಡು 12ಎಎಕ್ಸ್7 ಮತ್ತು ಎರಡು 12ಎಯು7 ವಾಲ್ವ್‌ಗಳು (ಗಾಜಿನ ನಿರ್ವಾತ ಕೊಳವೆಗಳು) ಇವೆ. ಇತ್ತೀಚೆಗೆ ಎಡ ಚಾನೆಲ್‌ನ ಧ್ವನಿ ಕುಗ್ಗಿದೆ. ಸಂಗೀತ ನಿಂತಾಗ ಅದೇ ಕಡೆಯಿಂದ ಸಣ್ಣ ಸರಸರ ಸದ್ದು ಬರುತ್ತದೆ. ಹಳೆಯ ದಾಸ್ತಾನಿನ ಯುರೋಪಿನ ವಾಲ್ವ್‌ಗಳು ನನ್ನ ಕೈಗೆಟುಕುವಂತಿಲ್ಲ. ಈಗ ತಯಾರಾಗುತ್ತಿರುವ ಜೆಜೆ, ಎಲೆಕ್ಟ್ರೊ-ಹಾರ್ಮೊನಿಕ್ಸ್, ಟಂಗ್-ಸೋಲ್, ಮುಲ್ಲಾರ್ಡ್ ಮೊದಲಾದವುಗಳಲ್ಲಿ ಯಾವುದನ್ನು ಆರಿಸಿದರೆ ಕೊಟ್ಟ ಹಣಕ್ಕೆ ತಕ್ಕ ಫಲ ಸಿಗುತ್ತದೆ? ಇಎಲ್34 ಬದಲು ಕೆಟಿ88 ಎಂಬ ಇನ್ನೊಂದು ಔಟ್‌ಪುಟ್ ವಾಲ್ವ್ ಹಾಕಿದರೆ ಶಕ್ತಿ ಹೆಚ್ಚುತ್ತದೆ ಎನ್ನುವುದು ನಿಜವೇ?

ಮೊದಲ ಉತ್ತರ

ಎಂಟನ್ನೂ ಕೊಳ್ಳುವ ಮೊದಲು ದೋಷ ಎಲ್ಲಿದೆ ಎಂಬುದನ್ನು ಪತ್ತೆ ಮಾಡಿ. ಆಂಪ್ಲಿಫೈಯರ್ ಆಫ್ ಮಾಡಿ, ವಾಲ್ವ್‌ಗಳು ತಣ್ಣಗಾದ ಮೇಲೆ ಎಡ ಮತ್ತು ಬಲ ಚಾನೆಲ್‌ಗಳ 12ಎಎಕ್ಸ್7ಗಳನ್ನು ಮಾತ್ರ ಅದಲುಬದಲು ಮಾಡಿ ಕೇಳಿ. ಸದ್ದು ಬಲಕ್ಕೆ ಹೋದರೆ ತಪ್ಪು ಆ ವಾಲ್ವ್‌ನದು, ಎಡದಲ್ಲೇ ಉಳಿದರೆ ಅವನ್ನು ಮೊದಲಿನಂತೆ ಇಟ್ಟು 12ಎಯು7 ಜೋಡಿಯನ್ನು ಪರೀಕ್ಷಿಸಿ. ಈ ಎರಡು ಬಗೆಗಳು ಒಂದೇ ಸಾಕೆಟ್‌ಗೆ ಹೊಂದುತ್ತವೆಯಾದರೂ 12ಎಎಕ್ಸ್7ನ ವರ್ಧನಾಂಕ (ಸಂಕೇತವನ್ನು ಹಿಗ್ಗಿಸುವ ಸಾಮರ್ಥ್ಯದ ಅಂಕಿ) 100, 12ಎಯು7ನದು 20ರ ಆಸುಪಾಸು. ಆದ್ದರಿಂದ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಬೇಡಿ. ಯಾವ ವಾಲ್ವ್ ಬದಲಿಸಿದರೂ ಸದ್ದು ಜಾಗ ಬಿಡದಿದ್ದರೆ ಸಾಕೆಟ್, ರೆಸಿಸ್ಟರ್ ಅಥವಾ ಕಪ್ಲಿಂಗ್ ಕೆಪಾಸಿಟರ್ ಕಡೆಗೆ ನೋಡಬೇಕಾಗುತ್ತದೆ, ಮತ್ತು ಅದನ್ನು ಹೊಸ ವಾಲ್ವ್ ಸರಿಪಡಿಸಲಾರದು. ಷಾಸಿಯನ್ನು (ಲೋಹದ ಚೌಕಟ್ಟನ್ನು) ಬಿಚ್ಚುವ ಕೆಲಸ ಮಾತ್ರ ಬಲ್ಲವರದು, ಏಕೆಂದರೆ ಆಫ್ ಮಾಡಿದ ಮೇಲೂ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು.

ಎರಡನೆಯ ಉತ್ತರ

ಹೆಸರುಗಳ ವಿಷಯದಲ್ಲಿ ಒಂದು ಸಂಗತಿ ತಿಳಿದಿದ್ದರೆ ಅರ್ಧ ಗೊಂದಲ ಕಳೆಯುತ್ತದೆ. ಎಲೆಕ್ಟ್ರೊ-ಹಾರ್ಮೊನಿಕ್ಸ್, ಸೋವ್‌ಟೆಕ್ ಮಾತ್ರವಲ್ಲದೆ ಇಂದಿನ ಟಂಗ್-ಸೋಲ್, ಮುಲ್ಲಾರ್ಡ್ ಮತ್ತು ಜೆನಲೆಕ್ಸ್ ಗೋಲ್ಡ್ ಲಯನ್ ವಾಲ್ವ್‌ಗಳೂ ರಷ್ಯಾದ ಸರಾತೊವ್ ನಗರದ ಒಂದೇ ಕಾರ್ಖಾನೆಯಲ್ಲಿ ತಯಾರಾಗುತ್ತವೆ. ಪೆಟ್ಟಿಗೆಯ ಮೇಲಿನ ಮುಲ್ಲಾರ್ಡ್ ಎಂಬ ಹೆಸರಿಗೂ ಹಿಂದಿನ ಬ್ರಿಟಿಷ್ ಕಾರ್ಖಾನೆಗೂ ಹೆಸರಿನಾಚೆ ಸಂಬಂಧವಿಲ್ಲ. ಹಾಗೆಂದು ಎಲ್ಲವೂ ಒಂದೇ ವಾಲ್ವ್ ಎಂದಲ್ಲ, ಒಳಗಿನ ರಚನೆ ಬೇರೆ ಬೇರೆ ಇರುತ್ತದೆ; ಆದರೆ ಹಳೆಯ ಕೀರ್ತಿಗಾಗಿ ಹೆಚ್ಚು ಹಣ ತೆರುವುದು ನನಗೆ ಸರಿಯೆನಿಸುವುದಿಲ್ಲ. ಜೆಜೆ ಸ್ಲೊವಾಕಿಯಾದ ಸ್ವತಂತ್ರ ತಯಾರಕ ಸಂಸ್ಥೆ, ಪಿಎಸ್‌ವೇನ್ ಚೀನಾದ್ದು. 2022ರಲ್ಲಿ ರಷ್ಯಾದ ರಫ್ತು ನಿರ್ಬಂಧದಿಂದ ಪೂರೈಕೆಗೆ ತೊಡಕಾದಾಗ, ಅಷ್ಟೊಂದು ಹೆಸರುಗಳು ಒಂದೇ ಊರನ್ನು ನೆಚ್ಚಿಕೊಂಡಿದ್ದುದು ಎಲ್ಲರಿಗೂ ಮನವರಿಕೆಯಾಯಿತು.

ನನ್ನ ಆಯ್ಕೆ ಹೀಗಿರುತ್ತದೆ: ಸಣ್ಣ ವಾಲ್ವ್‌ಗಳಿಗೆ ಜೆಜೆ ಅಥವಾ ಎಲೆಕ್ಟ್ರೊ-ಹಾರ್ಮೊನಿಕ್ಸ್‌ನ ಸಾಮಾನ್ಯ ಮಾದರಿಗಳು ಸಾಕು, ಉಳಿದ ಹಣವನ್ನು ಅಳತೆ ಮಾಡಿ ಹೊಂದಿಸಿದ ನಾಲ್ಕು ಇಎಲ್34ಗಳಿಗೆ ಹಾಕಬೇಕು. ಪುಶ್-ಪುಲ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಎರಡು ಬದಿಗಳಲ್ಲಿ ವಿದ್ಯುತ್ ಪ್ರವಾಹ ಸಮವಾಗಿರದಿದ್ದರೆ ಅದರ ಕಬ್ಬಿಣದ ತಿರುಳು ಏಕಮುಖವಾಗಿ ಕಾಂತೀಕರಣಗೊಂಡು, ಮೊದಲು ಕೆಳಸ್ವರಗಳೇ ಕೆಡುತ್ತವೆ. ಯಾವ ವೋಲ್ಟೇಜ್‌ನಲ್ಲಿ ಅಳೆದು ಹೊಂದಿಸಿದ್ದಾರೆಂದು ಮಾರುವವರನ್ನು ಕೇಳಿ.

ಮೂರನೆಯ ಉತ್ತರ

ಕೆಟಿ88 ಬಗ್ಗೆ ಹೇಳುವುದಾದರೆ, ತಯಾರಕರೇ ಅದಕ್ಕೆ ಅವಕಾಶ ಕೊಟ್ಟಿರದ ಹೊರತು ಬೇಡ. ಇಎಲ್34ನ ಹೀಟರ್ (ವಾಲ್ವನ್ನು ಒಳಗಿನಿಂದ ಕಾಯಿಸುವ ತಂತಿ) 1.5 ಆಂಪಿಯರ್ ಬೇಡಿದರೆ ಕೆಟಿ88ನದು 1.6 ಬೇಡುತ್ತದೆ, ನಾಲ್ಕಕ್ಕೂ ಸೇರಿ ಪವರ್ ಟ್ರಾನ್ಸ್‌ಫಾರ್ಮರ್ ಮೇಲೆ 0.4 ಆಂಪಿಯರ್ ಹೆಚ್ಚುವರಿ ಹೊರೆ. ಬಯಾಸ್ (ಸಂಗೀತವಿಲ್ಲದಾಗ ವಾಲ್ವ್‌ನಲ್ಲಿ ಹರಿಯುವ ಪ್ರವಾಹವನ್ನು ನಿಗದಿಪಡಿಸುವ ವೋಲ್ಟೇಜ್) ಕೂಡ ಬೇರೆ ಬೇಕು. ಇಷ್ಟೆಲ್ಲ ಮಾಡಿದರೂ ಪ್ಲೇಟ್ (ವಾಲ್ವ್‌ನೊಳಗೆ ಎಲೆಕ್ಟ್ರಾನ್‌ಗಳು ಬಂದು ಸೇರುವ ತಗಡು) ವೋಲ್ಟೇಜ್ ಮತ್ತು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಅವೇ ಆಗಿರುವುದರಿಂದ ಶಕ್ತಿ ಹೇಳಿಕೊಳ್ಳುವಷ್ಟು ಏರುವುದಿಲ್ಲ.

ನಿಮ್ಮದು ಫಿಕ್ಸೆಡ್ ಬಯಾಸ್ (ತಾನಾಗಿ ಹೊಂದಿಕೊಳ್ಳದ ಬಗೆ) ಆಗಿದ್ದರೆ ಹೊಸ ವಾಲ್ವ್ ಹಾಕಿದೊಡನೆ ಬಯಾಸ್ ಹೊಂದಿಸಲೇಬೇಕು. ಪ್ಲೇಟ್‌ನಲ್ಲಿ 430 ವೋಲ್ಟ್ ಇದ್ದು, ಕ್ಯಾಥೋಡ್‌ಗೆ (ಎಲೆಕ್ಟ್ರಾನ್ ಹೊಮ್ಮಿಸುವ ಭಾಗಕ್ಕೆ) ಜೋಡಿಸಿದ 10 ಓಮ್ ರೆಸಿಸ್ಟರ್‌ನ ಮೇಲೆ 0.38 ವೋಲ್ಟ್ ಸಿಕ್ಕರೆ ಪ್ರವಾಹ 38 ಮಿಲಿಆಂಪಿಯರ್, ಅಂದರೆ ಸುಮಾರು 16 ವಾಟ್. ಇದು ಇಎಲ್34ನ 25 ವಾಟ್ ಮಿತಿಯ ಶೇಕಡಾ 65ರಷ್ಟು, ನೆಮ್ಮದಿಯ ಜಾಗ. ಕ್ಯಾಥೋಡ್ ಪ್ರವಾಹದಲ್ಲಿ ಸ್ಕ್ರೀನ್ ಗ್ರಿಡ್‌ನ (ಕ್ಯಾಥೋಡ್ ಮತ್ತು ಪ್ಲೇಟ್‌ಗಳ ನಡುವಿನ ತಂತಿಜಾಲದ) ಪಾಲೂ ಸೇರಿರುವುದರಿಂದ ಪ್ಲೇಟ್‌ನ ನಿಜವಾದ ಅಂಕಿ ತುಸು ಕಡಿಮೆಯೇ ಇರುತ್ತದೆ.

ಪ್ರಶ್ನೆ ಕೇಳಿದವರು

12ಎಎಕ್ಸ್7ಗಳನ್ನು ಅದಲುಬದಲು ಮಾಡಿದೊಡನೆ ಸರಸರ ಸದ್ದೂ ಕುಗ್ಗಿದ ಧ್ವನಿಯೂ ಬಲ ಚಾನೆಲ್‌ಗೆ ಹೋದವು. ಹಾಗಾದರೆ ಸದ್ಯಕ್ಕೆ 12ಎಎಕ್ಸ್7 ಜೋಡಿಯೊಂದನ್ನೇ ತರಿಸಿ, ಇಎಲ್34ಗಳನ್ನು ಹಾಗೆಯೇ ಬಿಡಬಹುದೇ?

ಮೊದಲ ಉತ್ತರ ಬರೆದವರು

ಖಂಡಿತ ಬಿಡಬಹುದು. ನಾಲ್ಕೂ ಇಎಲ್34ಗಳ ಬಯಾಸ್ ಹೊಂದಿಸಿದಲ್ಲೇ ನಿಲ್ಲುತ್ತಿದ್ದರೆ ಅವುಗಳಲ್ಲಿ ಇನ್ನೂ ಆಯುಷ್ಯವಿದೆ. ಹೊಸ 12ಎಎಕ್ಸ್7ಗಳು ಬಂದ ಮೇಲೆ ವಾಲ್ಯೂಮ್ ತಗ್ಗಿಸಿ, ಪೆನ್ಸಿಲ್‌ನ ಹಿಂಬದಿಯಿಂದ ಗಾಜನ್ನು ಮೆಲ್ಲಗೆ ತಟ್ಟಿ ನೋಡಿ. ಸ್ಪೀಕರ್‌ನಲ್ಲಿ ಗಂಟೆಯಂಥ ನಾದ ಜೋರಾಗಿ ಕೇಳಿದರೆ ಆ ವಾಲ್ವ್ ಮೈಕ್ರೊಫೋನಿಕ್ (ಕಂಪನವನ್ನೇ ಸದ್ದಾಗಿಸುವಂಥದ್ದು) ಎಂದರ್ಥ, ಹಿಂತಿರುಗಿಸುವ ಅವಧಿಯೊಳಗೇ ಬದಲಿಸಿಕೊಳ್ಳಿ.