ಶನಿಯ ತಲೆ ಮೇಲಿನ ಆರು ಮೂಲೆ

ಗುಂಪು: ಮೂಲಮನೆ ಉಡುಪಿ

ವಾಸು ದೊಡ್ಡಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) [ಫೋಟೋ] 🙏 ನಾಸಾ ಕೊನೆಗೂ ಒಪ್ಪಿಕೊಂಡಿದೆ! ಶನಿಯ ಉತ್ತರ ಧ್ರುವದಲ್ಲಿ ಷಟ್ಕೋನ ಯಂತ್ರ!! ಕ್ಯಾಮರಾ ಇಲ್ಲದ ಕಾಲದಲ್ಲೇ ನಮ್ಮ ಋಷಿಗಳು ಬರೆದಿಟ್ಟಿದ್ದರು. ಹತ್ತು ಜನರಿಗೆ ಕಳಿಸಿ, ಸಾಡೇಸಾತ್ ಹಗುರಾಗುತ್ತದೆ 🙏

ಪ್ರಣವ: ಈ ಗುಂಪಿನಲ್ಲೇ ಹದಿನೇಳು ಜನ ಇದ್ದೇವೆ ದೊಡ್ಡಪ್ಪ. ನಿಮ್ಮದು ಮುಗೀತು, ಏಳು ಹೆಚ್ಚಿಗೆ.

ಅನುಷಾ: ಫೋಟೋ ನಿಜ, ಬರಹ ಸುಳ್ಳು. ಅದು ಗಾಳಿ ದೊಡ್ಡಪ್ಪ. ಜೆಟ್ ಸ್ಟ್ರೀಮ್. ಮತ್ತೆ "ಕೊನೆಗೂ" ಎಂಥದ್ದು? ವಾಯೇಜರ್ ನೌಕೆಗಳು 1980–81ರಲ್ಲಿ ತೆಗೆದ ಚಿತ್ರಗಳನ್ನು ಜೋಡಿಸಿ ಗಾಡ್‌ಫ್ರೇ ಅನ್ನುವ ವಿಜ್ಞಾನಿ 1988ರಲ್ಲೇ ಬರೆದಾಗಿದೆ.

ವಾಸು ದೊಡ್ಡಪ್ಪ: ಗಾಳಿಗೆ ಮೂಲೆ ಇರ್ತದಾ? ನಾನೂ ಎಪ್ಪತ್ತು ಮಳೆಗಾಲ ನೋಡಿದವನು. ಗಾಳಿ ಸುತ್ತುವುದು ಉರುಟಾಗಿ. ಇದು ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಉಂಟು.

ಅನುಷಾ: ಕೇಳಿದ್ದು ಸರಿಯಾಗಿಯೇ ಉಂಟು. ಅಲ್ಲಿ ಗಾಳಿಯ ಒಂದು ಪಟ್ಟಿ ಗಂಟೆಗೆ ಸುಮಾರು 320 ಕಿ.ಮೀ. ವೇಗದಲ್ಲಿ ಧ್ರುವವನ್ನು ಸುತ್ತುತ್ತದೆ. ಪಕ್ಕದ ಗಾಳಿ ಅಷ್ಟು ಓಡುವುದಿಲ್ಲ. ಓಡುವುದು ನಿಧಾನದ್ದನ್ನು ಉಜ್ಜಿಕೊಂಡು ಹೋಗುವಾಗ ದಾರಿ ಓಲಾಡ್ತದೆ, ಅಲೆ ಏಳ್ತದೆ. ಒಂದು ಸುತ್ತಿಗೆ ಸರಿಯಾಗಿ ಆರು ಅಲೆ ಕೂತರೆ ಆರು ಮೂಲೆ. ಒಂದೊಂದು ಬದಿ 14,500 ಕಿ.ಮೀ. ಹತ್ತಿರ, ನಮ್ಮ ಭೂಮಿಯ ಅಡ್ಡಳತೆಗಿಂತ ಉದ್ದ. 2010ರಲ್ಲಿ ಆಕ್ಸ್‌ಫರ್ಡ್‌ನವರು ತಿರುಗುವ ಸಿಲಿಂಡರಿನಲ್ಲಿ ನೀರು ತುಂಬಿ, ಒಳಗೊಂದು ಬಳೆಯನ್ನು ಬೇರೆ ವೇಗದಲ್ಲಿ ತಿರುಗಿಸಿ ನೋಡಿದ್ದಾರೆ. ವೇಗದ ವ್ಯತ್ಯಾಸ ಬದಲಾದ ಹಾಗೆ ತ್ರಿಕೋನ, ಚೌಕ, ಷಟ್ಕೋನ ಎಲ್ಲ ಬಂತು. ನೀರಿಗೆ ಹಾಕಿದ್ದು ಬಣ್ಣ ಮಾತ್ರ, ಮಂತ್ರ ಅಲ್ಲ.

ಶಾರದ ದೊಡ್ಡಮ್ಮ: ಈಗ ಕನ್ನಡಕ ಹಾಕಿ ನೋಡಿದೆ. ಇವರಿಗೆ ಹೇಳಿ, ಇದು ಯಂತ್ರದ ಷಟ್ಕೋನವೇ ಅಲ್ಲ. ಮಂಡಲ ಬರೆಯುವಾಗ ಷಟ್ಕೋನ ಅಂದ್ರೆ ಎರಡು ತ್ರಿಕೋನ, ಒಂದು ಮೇಲ್ಮುಖ ಒಂದು ಕೆಳಮುಖ, ಆರು ಚೂಪು ಹೊರಗೆ ಬರ್ಬೇಕು. ಇದು ಜೇನುಗೂಡಿನ ಕಣ್ಣು. ನಲವತ್ತು ವರ್ಷ ರಂಗೋಲಿ ಹಾಕಿದವಳಿಗೆ ಅಷ್ಟು ಗೊತ್ತಾಗ್ತದೆ.

ಪ್ರಣವ: ಅವರು ನಿಮ್ಮ ಪಕ್ಕದಲ್ಲೇ ಕೂತಿದ್ದಾರಲ್ಲ ದೊಡ್ಡಮ್ಮ 😄

ಶಾರದ ದೊಡ್ಡಮ್ಮ: ಟಿ.ವಿ. ಶಬ್ದ. ಕೇಳುವುದಿಲ್ಲ.

ವಾಸು ದೊಡ್ಡಪ್ಪ: ಮೂಲೆ ಆರು ಉಂಟಾ ಇಲ್ವಾ, ಅಷ್ಟು ಸಾಕು.

ಅನುಷಾ: ಹಾಗಾದ್ರೆ ದಕ್ಷಿಣ ಧ್ರುವದಲ್ಲಿ ಯಾಕಿಲ್ಲ? ಕ್ಯಾಸಿನಿ ನೌಕೆ 2004ರಿಂದ 2017ರವರೆಗೆ ಶನಿಯನ್ನು ಸುತ್ತಿತು. ದಕ್ಷಿಣದಲ್ಲಿ ಸುಳಿ ಉಂಟು, ಆರು ಮೂಲೆ ಇಲ್ಲ.

ವಾಸು ದೊಡ್ಡಪ್ಪ: 2004ಕ್ಕೇ ಮುಟ್ಟಿದೆ. ಈ ಚಿತ್ರದ ಕೆಳಗೆ 2012 ಅಂತ ಉಂಟು. ಎಂಟು ವರ್ಷ ಮುಚ್ಚಿಟ್ಟದ್ದು ಯಾಕೆ?

ಅನುಷಾ: ಕತ್ತಲೆ ಇತ್ತು. ನೀವೇ ಲೆಕ್ಕ ಹಾಕಿ. ಶನಿ ಒಂದು ರಾಶಿಯಲ್ಲಿ ಎಷ್ಟು ವರ್ಷ?

ವಾಸು ದೊಡ್ಡಪ್ಪ: ಎರಡೂವರೆ.

ಅನುಷಾ: ಹನ್ನೆರಡು ರಾಶಿಗೆ?

ವಾಸು ದೊಡ್ಡಪ್ಪ: ಮೂವತ್ತು. ಇದನ್ನೆಲ್ಲ ನನಗೆ ಕಲಿಸ್ಲಿಕ್ಕೆ ಬರ್ಬೇಡ.

ಅನುಷಾ: ಸರಿಯಾಗಿ ಹೇಳಿದ್ರೆ 29.5. ಶನಿ ಸೂರ್ಯನಿಗೆ ಒಂದು ಸುತ್ತು ಬರುವ ಕಾಲ ಅದು. ಧ್ರುವಕ್ಕೆ ಅರ್ಧ ಸುತ್ತು ಬೆಳಕು, ಅರ್ಧ ಸುತ್ತು ಕತ್ತಲೆ, ಅಂದ್ರೆ ಹದಿನೈದು ವರ್ಷದ ಹತ್ತಿರ. ಕ್ಯಾಸಿನಿ ಹೋಗಿ ಮುಟ್ಟುವಾಗ ಉತ್ತರದಲ್ಲಿ ಆ ರಾತ್ರಿ ನಡೀತಿತ್ತು. 2006ರಲ್ಲಿ ಇನ್ಫ್ರಾರೆಡ್‌ನಲ್ಲಿ, ಅಂದ್ರೆ ಕಣ್ಣಿಗೆ ಕಾಣದ ಶಾಖದ ಕಿರಣದಲ್ಲಿ, ಕಂಡಿತ್ತು. 2009ರಲ್ಲಿ ಅಲ್ಲಿ ಸೂರ್ಯ ಹುಟ್ಟಿದ ಮೇಲೆಯೇ ಇಂಥ ಫೋಟೋ.

ವಾಸು ದೊಡ್ಡಪ್ಪ: ಅಂದ್ರೆ ಪಂಚಾಂಗದ ಲೆಕ್ಕ ಸರಿ ಅಂತ ಆಯ್ತು.

ಅನುಷಾ: ಲೆಕ್ಕ ತಪ್ಪು ಅಂತ ಯಾರು ಹೇಳಿದ್ದು?

ಗಣೇಶ ಮಾವ: ನಂದೊಂದು ಪ್ರಶ್ನೆ, ಯಂತ್ರ ಬಿಟ್ಟು. 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ಬಂತಲ್ಲ. ಉಳ್ಳಾಲದಲ್ಲಿ ನಮ್ಮ ನಾಲ್ಕು ತೆಂಗು, ಹಿಂದಿನ ಪಾಗಾರ, ಬಾವಿಕಟ್ಟೆ ಒಂದೇ ರಾತ್ರಿಗೆ ಸಮುದ್ರಕ್ಕೆ ಹೋಯ್ತು. ಬೆಳಗ್ಗೆ ನೋಡಿದ್ರೆ ಬಾವಿಯ ರಾಟೆ ಮರಳಿನಲ್ಲಿ ಬಿದ್ದಿತ್ತು, ಬಾವಿ ಇರ್ಲಿಲ್ಲ. ಅಂಥದ್ದು ಗುಜರಾತ್ ಹತ್ತಿದ್ದೇ ಹತ್ತಿದ್ದು, ಸೊರಗಿ ಸತ್ತೇ ಹೋಯ್ತು. ಶನಿಯದ್ದು ನಲವತ್ತು ವರ್ಷ ಹೇಗೆ ನಿಂತದ್ದು?

ಅನುಷಾ: ಮಾವ, ಉತ್ತರ ನೀವೇ ಹೇಳಿ ಆಯ್ತು. ತೌಕ್ತೆಗೆ ಊಟ ಬಿಸಿ ಸಮುದ್ರದಿಂದ. ನೆಲ ಹತ್ತಿದ ಮೇಲೆ ಊಟ ಬಂದ್, ಮೇಲಿಂದ ಗುಡ್ಡ, ಮರ, ಮನೆಗೆಲ್ಲ ತಿಕ್ಕಿ ಸುಸ್ತು. ಶನಿಯಲ್ಲಿ ಹತ್ಲಿಕ್ಕೆ ಗುಜರಾತೇ ಇಲ್ಲ. ಕೆಳಗೆ ಹೋದ ಹಾಗೆ ಅನಿಲ ಒತ್ತಿ ಒತ್ತಿ ದಪ್ಪ ಆಗ್ತಾ ಹೋಗ್ತದೆ, ಕಾಲಿಡುವ ನೆಲ ಸಿಗುವುದಿಲ್ಲ. ಊಟವೂ ಮನೆಯೊಳಗೇ: ಗುರು, ಶನಿ ಎರಡೂ ಸೂರ್ಯನಿಂದ ಪಡೆಯುವುದಕ್ಕಿಂತ ಹೆಚ್ಚು ಶಾಖ ಒಳಗಿಂದ ಹೊರಗೆ ಬಿಡ್ತವೆ. ಗುರುವಿನ ಕೆಂಪು ಕಲೆಯೂ ಒಂದು ದೊಡ್ಡ ಬಿರುಗಾಳಿಯ ಸುಳಿ, 19ನೇ ಶತಮಾನದಿಂದ ಕಾಣ್ತಾ ಉಂಟು. (ಅದು ತೌಕ್ತೆಯ ಜಾತಿಯದ್ದಲ್ಲ. ತೌಕ್ತೆಯ ನಡುವೆ ಒತ್ತಡ ಕಡಿಮೆ, ಅದರ ನಡುವೆ ಹೆಚ್ಚು.) ಅದೂ ಕುಗ್ತಾ ಬಂದಿದೆ. 1979ರಲ್ಲಿ ಭೂಮಿಯ ಎರಡರಷ್ಟು ಅಗಲದ ಹತ್ತಿರ ಇದ್ದದ್ದು ಈಗ ಒಂದೂಕಾಲಿನ ಹತ್ತಿರ. ನೆಲ ಇಲ್ಲ ಅಂತ ಎಲ್ಲವೂ ಬಾಳುವುದಿಲ್ಲ. ನೆಪ್ಚೂನ್‌ನಲ್ಲಿ 1989ರಲ್ಲಿ ಕಂಡ ದೊಡ್ಡ ಕಪ್ಪು ಕಲೆ 1994ಕ್ಕೆ ಹಬಲ್ ದೂರದರ್ಶಕದಲ್ಲಿ ನೋಡುವಾಗ ಮಾಯ.

ಗಣೇಶ ಮಾವ: ಪಾಗಾರ ಕಟ್ಟುವ ಮೊದಲು ನಿನ್ನನ್ನು ಕೇಳ್ಬೇಕಿತ್ತು.

ಪ್ರಣವ: ಅಕ್ಕಾ, ಗುರುವಿನ ಧ್ರುವದಲ್ಲಿ ಎಷ್ಟು ಮೂಲೆ?

ಅನುಷಾ: ಮೂಲೆ ಇಲ್ಲ, ಸುಳಿಗಳು. ಜೂನೋ ನೌಕೆ 2016ರಲ್ಲಿ ಅಲ್ಲಿಗೆ ಮುಟ್ಟಿದ ಮೇಲೆ ಕಂಡದ್ದು. ಉತ್ತರದಲ್ಲಿ ನಡುವೆ ಒಂದು, ಸುತ್ತ ಎಂಟು.

ವಾಸು ದೊಡ್ಡಪ್ಪ: ನಡುವೆ ಕೃಷ್ಣ ಮಠ, ಸುತ್ತ ಅಷ್ಟಮಠ!! 🙏🙏

ಪ್ರಣವ: ನೀನಾಗಿಯೇ ಎತ್ತಿ ಕೊಟ್ಟದ್ದು ಅಕ್ಕಾ.

ಅನುಷಾ: ದಕ್ಷಿಣದಲ್ಲಿ ಸುತ್ತ ಐದೇ ದೊಡ್ಡಪ್ಪ.

ವಾಸು ದೊಡ್ಡಪ್ಪ: ಪಂಚಭೂತ.

ಅನುಷಾ: 2019ರಲ್ಲಿ ಆರನೆಯದೊಂದು ಸಣ್ಣದು ಬಂದು ಸೇರಿತು.

ಗಣೇಶ ಮಾವ: ಭಾವ, ಅದನ್ನು ಯಾವ ಲೆಕ್ಕಕ್ಕೆ ಹಾಕುವುದು?

ವಾಸು ದೊಡ್ಡಪ್ಪ: ಯೋಚಿಸಿ ಹೇಳ್ತೇನೆ.

ಶಾರದ ದೊಡ್ಡಮ್ಮ: ಊಟ ಆದ ಮೇಲೆ ಯೋಚಿಸಲಿ. ಬಡಿಸಿ ಆಗಿದೆ. ಶನಿವಾರ ಎಳ್ಳೆಣ್ಣೆ ದೀಪಕ್ಕೆ ಯಾರೆಲ್ಲ ಬರುವುದು, ಈಗ್ಲೇ ಹೇಳಿ.

ಅನುಷಾ: ನಾನು ಬರ್ತೇನೆ ದೊಡ್ಡಮ್ಮ. ಕಾರಲ್ಲಿ ಇನ್ನೂ ಮೂರು ಜನಕ್ಕೆ ಜಾಗ ಉಂಟು.