ಆದಿಕಾಂಡದಿಂದ ಸತ್ಯವೇದದ ಓದು: ದಿನಕ್ಕೆ ಎಷ್ಟು?

ಪ್ರಶ್ನೆ: ಎರಡು ಸಲ ಜನವರಿಯಲ್ಲಿ ಸತ್ಯವೇದವನ್ನು (ಬೈಬಲನ್ನು) ಅದರ ಮೊದಲ ಪುಸ್ತಕವಾದ ಆದಿಕಾಂಡದಿಂದ ಓದತೊಡಗಿ, ಮೂರನೆಯ ಪುಸ್ತಕವಾದ ಯಾಜಕಕಾಂಡದ ಯಜ್ಞವಿಧಿಗಳಿಗೆ ಬರುವಷ್ಟರಲ್ಲಿ ಕೈಬಿಟ್ಟಿದ್ದೇನೆ. ಈ ಸಲ ಸೃಷ್ಟಿಯ ವೃತ್ತಾಂತವನ್ನೇ ನಿಧಾನವಾಗಿ ಓದಿ ಅಭ್ಯಾಸ ಬೆಳೆಸಿಕೊಳ್ಳುವ ಮನಸ್ಸಿದೆ. ದಿನಕ್ಕೆ ಎಷ್ಟು ಓದುವುದು ಸೂಕ್ತ ಎಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಪ್ರೊಟೆಸ್ಟೆಂಟ್ ಸತ್ಯವೇದದ 1,189 ಅಧ್ಯಾಯಗಳನ್ನು ಒಂದೇ ವರ್ಷದಲ್ಲಿ ಮುಗಿಸಲು ದಿನಕ್ಕೆ ಮೂರು ನಾಲ್ಕು ಅಧ್ಯಾಯ ಓದಬೇಕಾಗುತ್ತದೆ, ಹೊಸಬರು ದಣಿಯುವುದು ಅಲ್ಲಿಯೇ. ಮೊದಲ ವಾರ ಸೃಷ್ಟಿಯ ಒಂದೊಂದು ದಿನವನ್ನು ಮಾತ್ರ ಗಟ್ಟಿಯಾಗಿ ಓದಿರಿ. ಮೊದಲನೆಯ ದಿನದ ಬೆಳಕಿಗೆ ನಾಲ್ಕನೆಯ ದಿನದ ಸೂರ್ಯಚಂದ್ರರು, ಎರಡನೆಯ ದಿನ ಬೇರ್ಪಟ್ಟ ನೀರಿಗೂ ಆಕಾಶಕ್ಕೂ ಐದನೆಯ ದಿನದ ಮೀನು ಹಕ್ಕಿಗಳು, ಮೂರನೆಯ ದಿನದ ಒಣನೆಲಕ್ಕೆ ಆರನೆಯ ದಿನದ ಪ್ರಾಣಿಗಳೂ ಮನುಷ್ಯರೂ ಜೋಡಿಯಾಗಿ ಬರುವುದನ್ನು ನೀವೇ ಗುರುತಿಸುವಿರಿ. ಏಳನೆಯ ದಿನದ ವಿಶ್ರಾಂತಿಯು ಎರಡನೆಯ ಅಧ್ಯಾಯದ ಮೊದಲ ಮೂರು ವಚನಗಳಲ್ಲಿದೆ ಎಂಬುದನ್ನು ಮರೆಯಬೇಡಿ; ಅಧ್ಯಾಯದ ಗಡಿ ನಂಬಿ ನಿಲ್ಲಿಸಿದವರಲ್ಲಿ ನಾನೂ ಒಬ್ಬ.

ಉತ್ತರ 2: ಎರಡನೆಯ ವಾರಕ್ಕೆ 2:4ರಿಂದ, ಅಂದರೆ ಎರಡನೆಯ ಅಧ್ಯಾಯದ ನಾಲ್ಕನೆಯ ವಚನದಿಂದ, ಮುಂದುವರಿಯಿರಿ. ಅಲ್ಲಿ ಮನುಷ್ಯನನ್ನು ಮಣ್ಣಿನಿಂದ ರೂಪಿಸುವ ಮಾತಿದೆ. ಹೀಬ್ರೂ ಭಾಷೆಯಲ್ಲಿ ಮನುಷ್ಯನಿಗೆ ‘ಆದಾಮ್’, ನೆಲಕ್ಕೆ ‘ಅದಾಮಾ’ ಎನ್ನುತ್ತಾರೆ. ಜೊತೆಗೆ ಸೃಷ್ಟಿಯನ್ನೇ ಹಾಡುವ 104ನೆಯ ಕೀರ್ತನೆಯನ್ನೂ ಓದಿ ನೋಡಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ನಾಳೆ ಮುಂಜಾನೆ ಮೊದಲ ಐದು ವಚನಗಳಿಂದ ತೊಡಗುತ್ತೇನೆ.