ಮಂಡಿ ಆಪರೇಷನ್ನಿಗೆ ಮೂಗಿನ ಟೆಸ್ಟ್ ಯಾಕೆ?

ಭಾವ (ಫಾರ್ವರ್ಡ್): "ಆಪರೇಷನ್ ಮಾಡಿಸಿಕೊಳ್ಳುವ ಪ್ರತಿಯೊಬ್ಬರೂ ಮುಂಚೆ ಮೂಗಿನ ಎಂಆರ್‌ಎಸ್‌ಎ ಟೆಸ್ಟ್ ಮಾಡಿಸಲೇಬೇಕು. ಮಾಡದ ಆಸ್ಪತ್ರೆಗೆ ಕಾಲಿಡಬೇಡಿ. ಎಲ್ಲರಿಗೂ ಕಳಿಸಿ."

ಭಾವ: ಅತ್ತೆ, ಮುಂದಿನ ತಿಂಗಳು ನಿಮ್ಮ ಮಂಡಿ ಬದಲಿಸುತ್ತಾರೆ ಅಲ್ವಾ? ಇದನ್ನು ಓದಿ.

ದೊಡ್ಡಪ್ಪ: ಮಂಡಿ ಆಪರೇಷನ್ನಿಗೆ ಮೂಗಿನ ಟೆಸ್ಟಾ? ದುಡ್ಡು ಕೀಳಲು ಇನ್ನೊಂದು ದಾರಿ.

ಅತ್ತೆ: ನನಗೆ ಒಂದು ನೆಗಡಿಯೂ ಇಲ್ಲ. ನನಗ್ಯಾಕೆ ಇದು?

ನಾನು: ಅತ್ತೆ, ಇದು ಕಾಯಿಲೆ ಹುಡುಕುವ ಟೆಸ್ಟ್ ಅಲ್ಲ. ಸ್ಟೆಫೈಲೊಕಾಕಸ್ ಆರಿಯಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಸುಮಾರು ಮೂರರಲ್ಲಿ ಒಬ್ಬರ ಮೂಗಿನೊಳಗೆ ಅದು ಸುಮ್ಮನೆ ಇರುತ್ತದೆ. ಇದ್ದದ್ದೇ ಗೊತ್ತಾಗುವುದಿಲ್ಲ. ಮೂಗಿನಿಂದ ಕೈಗೆ, ಕೈಯಿಂದ ಚರ್ಮಕ್ಕೆ ಹೋಗುತ್ತದೆ. ಚರ್ಮ ಕೊಯ್ದಾಗ ಒಳಗೆ ಇಳಿಯುತ್ತದೆ. ಅದರಲ್ಲೇ ಮಾಮೂಲಿ ಔಷಧಿಗೆ ಬಗ್ಗದ ಜಾತಿಗೆ ಎಂಆರ್‌ಎಸ್‌ಎ ಅನ್ನುತ್ತಾರೆ.

ದೊಡ್ಡಪ್ಪ: ಕೊಯ್ಯುವ ಮುಂಚೆ ಆಂಟಿಬಯಾಟಿಕ್ ಕೊಡುತ್ತಾರಲ್ಲ! ನನ್ನ ಹರ್ನಿಯಾಗೂ ಕೊಟ್ಟಿದ್ದರು. ಏನೂ ಆಗಲಿಲ್ಲ.

ನಾನು: ಹೌದು ದೊಡ್ಡಪ್ಪ. ಆದರೆ ಸಾಮಾನ್ಯವಾಗಿ ಕೊಡುವುದು ಸೆಫಜೋಲಿನ್. ಎಂಆರ್‌ಎಸ್‌ಎ ಅದಕ್ಕೆ ಜಗ್ಗುವುದಿಲ್ಲ. ಮೊದಲೇ ಗೊತ್ತಿದ್ದರೆ ವ್ಯಾಂಕೊಮೈಸಿನ್ ಕೊಡಬಹುದು. ಅದನ್ನು ಡ್ರಿಪ್‌ನಲ್ಲಿ ನಿಧಾನವಾಗಿ, ಕನಿಷ್ಠ ಒಂದು ಗಂಟೆ ಹಾಕಬೇಕು. ಥಿಯೇಟರ್ ಬಾಗಿಲಲ್ಲಿ ನೆನಪಾದರೆ ಪ್ರಯೋಜನವಿಲ್ಲ.

ಭಾವ: ಅದಕ್ಕೇ ಎಲ್ಲರಿಗೂ ಕಡ್ಡಾಯ ಮಾಡಬೇಕು ಅಂತ ಹಾಕಿದ್ದು.

ನಾನು: ಭಾವ, ಅದನ್ನೂ ನಾನು ಒಪ್ಪುವುದಿಲ್ಲ. ಇಂಗ್ಲೆಂಡಿನಲ್ಲಿ 2009ರಿಂದ, ಮೊದಲೇ ದಿನ ಗೊತ್ತುಮಾಡಿ ಬರುವ ಬಹುತೇಕ ಎಲ್ಲ ರೋಗಿಗಳಿಗೂ ಈ ಟೆಸ್ಟ್ ಮಾಡುತ್ತಿದ್ದರು. 2014ರಲ್ಲಿ ಅದನ್ನು ಬದಲಿಸಿ, ಅಪಾಯ ಜಾಸ್ತಿ ಇರುವವರಿಗೆ ಮಾಡಿದರೆ ಸಾಕು ಎಂದರು. ಜಿನೀವಾದಲ್ಲಿ ಸರ್ಜರಿ ವಾರ್ಡಿಗೆ ಬಂದವರಿಗೆಲ್ಲ ಬೇಗ ವರದಿ ಬರುವ ಟೆಸ್ಟ್ ಮಾಡಿ ನೋಡಿದ್ದರು. 2008ರಲ್ಲಿ ಫಲಿತಾಂಶ ಬಂತು. ಸೋಂಕು ಕಡಿಮೆ ಆಗಿರಲಿಲ್ಲ. ಟೆಸ್ಟ್ ಮಾಡಿದವರಲ್ಲಿ ಸೋಂಕು ತಗುಲಿದ ಅರ್ಧಕ್ಕಿಂತ ಜಾಸ್ತಿ ಜನ ಆಸ್ಪತ್ರೆಗೆ ಸೇರುವಾಗ ಎಂಆರ್‌ಎಸ್‌ಎ ಇಲ್ಲದವರು. ಅಲ್ಲೇ ಅಂಟಿತ್ತು! ನಾವು ನರ್ಸ್‌ಗಳು, ಡಾಕ್ಟರುಗಳು ಕೈ ತೊಳೆಯದಿದ್ದರೆ ಯಾವ ಟೆಸ್ಟೂ ಕಾಪಾಡುವುದಿಲ್ಲ.

ದೊಡ್ಡಪ್ಪ: ನೋಡು, ನೀನೇ ಹೇಳಿದೆ. ಟೆಸ್ಟ್ ದಂಡ.

ಚಿಕ್ಕಪ್ಪ: ಅಣ್ಣ, ದಂಡ ಅನ್ನಬೇಡ. ನನ್ನ ಸೊಂಟದ ಕೀಲು ಬದಲಿಸಿದಾಗ ಏನಾಯ್ತು ಅಂತ ನೀನೇ ನೋಡಿದ್ದೀಯ. ಕೀವು ಕಟ್ಟಿತು. ಹಾಕಿದ ಕೀಲನ್ನೇ ತೆಗೆದರು. ಆ ಜಾಗಕ್ಕೆ ಆಂಟಿಬಯಾಟಿಕ್ ಬೆರೆಸಿದ ಸಿಮೆಂಟ್ ತುಂಬಿ, ವಾರಗಟ್ಟಲೆ ಡ್ರಿಪ್ ಹಾಕಿ, ಆಮೇಲೆ ಹೊಸ ಕೀಲು. ಒಂದು ಆಪರೇಷನ್ ಅಂದಿದ್ದು ಮೂರಾಯಿತು. ಟೆಸ್ಟ್ ಮಾಡಿದ್ದರೆ ಖಂಡಿತ ತಪ್ಪುತ್ತಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಯಾರೂ ಆ ಮಾತೇ ಎತ್ತಲಿಲ್ಲ. ಅದು ಇವತ್ತಿಗೂ ನೋಯುತ್ತದೆ.

ನಾನು: ಚಿಕ್ಕಪ್ಪ, ಅದಕ್ಕೇ ಅತ್ತೆಯ ವಿಷಯದಲ್ಲಿ ನಾನು ಹಟ ಹಿಡಿದಿರುವುದು. ದೊಡ್ಡಪ್ಪ, ನಿಮ್ಮ ಹರ್ನಿಯಾ ಬೇರೆ, ಇದು ಬೇರೆ. ಕೃತಕ ಕೀಲಿನ ಮೇಲೆ ಬ್ಯಾಕ್ಟೀರಿಯಾ ಕೂತರೆ ಅಂಟಂಟಾದ ಪದರ ಕಟ್ಟಿಕೊಳ್ಳುತ್ತದೆ. ಔಷಧಿ ಅದರೊಳಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ನೆದರ್ಲ್ಯಾಂಡ್ಸ್‌ನಲ್ಲಿ ಮೂಗಿನಲ್ಲಿ ಸ್ಟೆಫೈಲೊಕಾಕಸ್ ಇದ್ದವರಿಗೆ ಮುಪಿರೋಸಿನ್ ಅನ್ನುವ ಆಂಟಿಬಯಾಟಿಕ್ ಮುಲಾಮು ಹಚ್ಚಿ, ಕ್ಲೋರ್‌ಹೆಕ್ಸಿಡಿನ್ ಅನ್ನುವ ಕ್ರಿಮಿನಾಶಕ ಸೋಪಿನಲ್ಲಿ ಸ್ನಾನ ಮಾಡಿಸಿದರು. ಅವರಲ್ಲಿ ಆ ಬ್ಯಾಕ್ಟೀರಿಯಾದ ಸೋಂಕು ಶೇ. 3.4. ಹಾಗೆ ಮಾಡದವರಲ್ಲಿ ಶೇ. 7.7. ಇದು 2010ರ ಅಧ್ಯಯನ. ಅಲ್ಲಿ ಸಿಕ್ಕಿದ್ದೆಲ್ಲ ಮಾಮೂಲಿ ಜಾತಿ, ಎಂಆರ್‌ಎಸ್‌ಎ ಅಲ್ಲ. ಅದಕ್ಕೇ ಎರಡಕ್ಕೂ ನೋಡಿಸಬೇಕು. ಎದೆ ಮತ್ತು ಮೂಳೆ ಆಪರೇಷನ್ನಿಗೆ ಬರುವವರ ಮೂಗಿನಲ್ಲಿ ಈ ಬ್ಯಾಕ್ಟೀರಿಯಾ ಇದೆ ಅಂತ ಗೊತ್ತಾದರೆ ಮುಪಿರೋಸಿನ್ ಹಚ್ಚಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ 2016ರಲ್ಲಿ ಹೇಳಿದೆ.

ದೊಡ್ಡಪ್ಪ: ಹಾಗಾದರೆ ಟೆಸ್ಟ್ ಬಿಟ್ಟು ಎಲ್ಲರಿಗೂ ಆ ಮುಲಾಮು ಹಚ್ಚಿಬಿಡಲಿ!

ನಾನು: ಒಳ್ಳೆ ಪ್ರಶ್ನೆ. ಕೆಲವು ಕಡೆ ಹಾಗೂ ಮಾಡುತ್ತಾರೆ. ಆದರೆ ಬೇಡದವರಿಗೂ ಹಚ್ಚುತ್ತಾ ಹೋದರೆ ಬ್ಯಾಕ್ಟೀರಿಯಾ ಮುಪಿರೋಸಿನ್‌ಗೂ ಬಗ್ಗದಂತಾಗುತ್ತದೆ. ಆಗ ಅದೂ ಕೈತಪ್ಪುತ್ತದೆ.

ಅತ್ತೆ: ಇದೆ ಅಂತ ಬಂದರೆ ಆಪರೇಷನ್ ನಿಲ್ಲಿಸಿಬಿಡುತ್ತಾರಾ?

ನಾನು: ಹೆದರಬೇಡಿ. ಸಾಮಾನ್ಯವಾಗಿ ಐದು ದಿನ, ದಿನಕ್ಕೆ ಎರಡು ಸಲ ಮೂಗಿನೊಳಗೆ ಮುಲಾಮು. ಜೊತೆಗೆ ಆ ಸೋಪಿನ ಸ್ನಾನ. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ವರದಿಗೇ ಎರಡು ಮೂರು ದಿನ ಬೇಕು. ಅದಕ್ಕೇ ಹಿಂದಿನ ದಿನ ಕೇಳಿದರೆ ಆಗುವುದಿಲ್ಲ, ಈ ವಾರವೇ ಕೇಳಿ. ಮತ್ತೆ, ಮಂಡಿಯ ಕೂದಲನ್ನು ಮನೆಯಲ್ಲಿ ರೇಜರ್‌ನಿಂದ ತೆಗೆಯಬೇಡಿ. ಕಣ್ಣಿಗೆ ಕಾಣದ ಗಾಯಗಳಾಗುತ್ತವೆ.

ಅತ್ತೆ: ಗುರುವಾರ ಡಾಕ್ಟರ ಹತ್ತಿರ ಹೋಗುವುದಿದೆ. ಕೇಳುತ್ತೇನೆ.

ದೊಡ್ಡಪ್ಪ: ನಾನೂ ಬರುತ್ತೇನೆ. ವರದಿ ಬಂದಮೇಲೆ ಏನು ಮಾಡುತ್ತೀರಿ ಅಂತ ನಾನೇ ಕೇಳುತ್ತೇನೆ. ಅದಕ್ಕೆ ಉತ್ತರ ಇಲ್ಲದಿದ್ದರೆ ಟೆಸ್ಟ್ ಯಾಕೆ?

ನಾನು: ಅದೇ ಸರಿಯಾದ ಪ್ರಶ್ನೆ ದೊಡ್ಡಪ್ಪ. ದಯವಿಟ್ಟು ಕೇಳಿ.

ಭಾವ: ಆ ಫಾರ್ವರ್ಡ್ ಅಳಿಸಿದ್ದೇನೆ. ಬೇರೆ ಗುಂಪುಗಳಿಗೂ ಹೋಗಿತ್ತು, ಅಲ್ಲೂ ತೆಗೆಯುತ್ತೇನೆ.

ಅತ್ತೆ: ಆ ಮುಲಾಮು ಮೂಗಿಗೆ ಉರಿಯುತ್ತಾ?

ನಾನು: ಕೆಲವರಿಗೆ ಸ್ವಲ್ಪ. ರಾತ್ರಿ ಫೋನ್ ಮಾಡುತ್ತೇನೆ, ಹೇಗೆ ಹಚ್ಚುವುದು ಅಂತ ಹೇಳುತ್ತೇನೆ.